ಸುಮಾಳ ಟೀವಿ-ಆಂಪ್ಲಿಫೈಯರ್ ಪ್ರಶ್ನೆಗೆ ದೊಡ್ಡಪ್ಪನ ಉತ್ತರ

ಸುಮಾ, ನಿನ್ನ ಮೆಸೇಜು ಈಗ ನೋಡಿದೆ. ಕನ್ನಡಕ ಸಿಗುತ್ತಿಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಹೊಸ ಟೀವಿಯಲ್ಲಿ ಸದ್ದು ಹೊರಗೆ ಕೊಡೋಕೆ ಆಪ್ಟಿಕಲ್ ಮಾತ್ರ ಇದೆ, ಅಪ್ಪನ ಹಳೇ ಆಂಪ್ಲಿಫೈಯರ್‌ನಲ್ಲಿ ಕೊಯಾಕ್ಸಿಯಲ್ ಮಾತ್ರ, ನಡುವೆ ಕನ್ವರ್ಟರ್ ಹಾಕಿದರೆ ಸುಟ್ಟುಹೋಗುತ್ತಾ ಅಂತ ತಾನೇ? ಏನೂ ಸುಡೋದಿಲ್ಲ, ಹೆದರಬೇಡ. ಎರಡರಲ್ಲೂ ಹೋಗುವುದು ಅದೇ ಡಿಜಿಟಲ್ ಸಿಗ್ನಲ್. ಸೋನಿ, ಫಿಲಿಪ್ಸ್ ಸೇರಿ ಮಾಡಿದ್ದು. ಆಪ್ಟಿಕಲ್‌ನಲ್ಲಿ ಬೆಳಕಾಗಿ ಹೋಗುತ್ತದೆ, ಕೊಯಾಕ್ಸಿಯಲ್‌ನಲ್ಲಿ ತಾಮ್ರದ ತಂತಿಯಲ್ಲಿ ಕರೆಂಟಾಗಿ. ಅಷ್ಟೇ.

ಆದರೆ ಯಾವುದರಿಂದ ಯಾವುದಕ್ಕೆ ಅಂತ ನೋಡಿ ತಗೋ. ನಾನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಇಂಥದ್ದೇ ಕನ್ವರ್ಟರ್ ತಂದ ಕಥೆ ಗೊತ್ತಲ್ಲ. ಅಂಗಡಿ ಹುಡುಗನಿಗೆ ಬಿಡಿಸಿ ಹೇಳಿದ್ದೆ, ಆಪ್ಟಿಕಲ್ ಒಳಗೆ, ಕೊಯಾಕ್ಸಿಯಲ್ ಹೊರಗೆ ಅಂತ. ಅವನು ಕೊಟ್ಟಿದ್ದು ಉಲ್ಟಾ. ಅಂಗೈಯಲ್ಲಿ ಮುಚ್ಚಿಹೋಗುವ ಕಪ್ಪು ಡಬ್ಬಿ, ಎರಡು ಥರದ್ದೂ ನೋಡೋಕೆ ಒಂದೇ. ಮನೆಗೆ ತಂದು ಸಿಕ್ಕಿಸಿದರೆ ಕಮಕ್ ಕಿಮಕ್ ಇಲ್ಲ. ನಿನ್ನ ದೊಡ್ಡಮ್ಮ ಟೀವಿಯೇ ಕೆಟ್ಟಿತು ಅಂತ ರಿಪೇರಿಯವನಿಗೆ ಫೋನೂ ಮಾಡಿಬಿಟ್ಟಳು. ಕೊನೆಗೆ ಲೈಟ್ ಆರಿಸಿ ನೋಡುತ್ತೇನೆ, ಡಬ್ಬಿಯ ಆಪ್ಟಿಕಲ್ ಬಾಯಲ್ಲೇ ಕೆಂಪು ಬೆಳಕು! ಬೆಳಕು ಬರಬೇಕಾದ್ದು ಟೀವಿಯಿಂದ, ಇದೂ ಬಿಡುತ್ತಾ ಕೂತಿದೆ. ನಮ್ಮ ಮನೆ ಥರ, ಇಬ್ಬರೂ ಮಾತಾಡೋರೇ, ಕೇಳೋರು ಯಾರೂ ಇಲ್ಲ. ವಾಪಸ್ ಕೊಡೋಕೆ ಹೋದರೆ ಪ್ಯಾಕೆಟ್ ಒಡೆದಿದ್ದೀರಿ ಸಾರ್ ಅಂದ. ಒಡೆಯದೆ ಹೇಗಮ್ಮ ನೋಡೋದು?

ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ, ಡಬ್ಬಿ ಮೇಲೆ ಆಪ್ಟಿಕಲ್ ಪಕ್ಕ ಇನ್ ಅಂತಲೇ ಇರಬೇಕು.

ಸದ್ದು ಅಂದರೆ ನೆನಪಾಯಿತು. ನನ್ನ ದೊಡ್ಡ ಸ್ಪೀಕರ್ ಇತ್ತಲ್ಲ, ನಿನ್ನ ಚಿಕ್ಕಪ್ಪ ಗೃಹಪ್ರವೇಶಕ್ಕೆ ಅಂತ ಒಯ್ದವನು ಇವತ್ತಿಗೂ ಕೊಟ್ಟಿಲ್ಲ. ಈ ಗ್ರೂಪಿನಲ್ಲೇ ಇದ್ದಾನೆ, ಕೇಳಿಸಿಕೊಳ್ಳಲಿ. ದಿನಾ ಬೆಳಗ್ಗೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಕಳಿಸೋಕೆ ಪುರುಸೊತ್ತಿದೆ, ಒಂದು ಆಟೋದಲ್ಲಿ ಸ್ಪೀಕರ್ ಕಳಿಸೋಕೆ ಇಲ್ಲ. ನಾನು ಸುಪ್ರಭಾತವನ್ನೂ ಮೊಬೈಲಿನಲ್ಲೇ ಕೇಳಬೇಕು.

ಹಾಂ, ಸುಮಾ, ಮುಖ್ಯವಾದದ್ದೇ ಬಿಟ್ಟುಹೋಯಿತು ನೋಡು. ಟೀವಿ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ಔಟ್‌ಪುಟ್ ಪಿಸಿಎಂ ಅಂತ ಮಾಡು, ಅಂದರೆ ಒತ್ತಿ ಚಿಕ್ಕದು ಮಾಡದ ಸಾದಾ ಡಿಜಿಟಲ್ ಸದ್ದು. ಒತ್ತಿ ಚಿಕ್ಕದು ಮಾಡಿದ ಡಾಲ್ಬಿ ಸದ್ದು ಕಳಿಸಿದರೆ ಕೆಲವು ಹಳೇ ಸೆಟ್ಟುಗಳಿಗೆ ಅರ್ಥವಾಗಲ್ಲ, ಸುಮ್ಮನಿರುತ್ತವೆ, ಇಲ್ಲಾ ಬರೀ ಕರಕರ. ಡಬ್ಬಿಗೆ 5 ವೋಲ್ಟ್ ಕರೆಂಟೂ ಬೇಕು, ಮೊಬೈಲ್ ಚಾರ್ಜರ್ ಸಾಕು. ಆಪ್ಟಿಕಲ್ ಕೇಬಲ್ ತುದಿಯ ಪ್ಲಾಸ್ಟಿಕ್ ಟೋಪಿ ತೆಗಿ, ಕೇಬಲ್ ಮಡಚಬೇಡ. ಕೊಯಾಕ್ಸಿಯಲ್‌ಗೆ ಬೇರೆ ದುಡ್ಡು ಹಾಕಬೇಡ, ಹಳೇ ಡಿವಿಡಿ ಪ್ಲೇಯರ್‌ನ ಹಳದಿ ವಿಡಿಯೋ ವೈರು ಇದ್ದರೆ ಅದೇ ನಡೆಯುತ್ತದೆ, ಕೊಯಾಕ್ಸಿಯಲ್‌ಗೆ ಬೇಕಾದ ಹಾಗೆ ಅದೂ 75 ಓಮ್‌ದೇ. ಅದನ್ನು ಆಂಪ್ಲಿಫೈಯರ್ ಹಿಂದೆ ಡಿಜಿಟಲ್ ಇನ್ ಅಂತ ಇರೋ ಕಡೆಗೇ ಹಾಕು, ಆಕ್ಸ್ ಅಂತ ಬರೆದಿರೋ ಕೆಂಪು-ಬಿಳಿ ತೂತುಗಳಿಗಲ್ಲ. ಆಮೇಲೆ ವಾಲ್ಯೂಮ್ ಟೀವಿ ರಿಮೋಟಿನಲ್ಲಿ ಬದಲಾಗದಿದ್ದರೆ ಗಾಬರಿಯಾಗಬೇಡ, ಆಂಪ್ಲಿಫೈಯರ್‌ನಲ್ಲೇ ಜಾಸ್ತಿ ಕಮ್ಮಿ ಮಾಡಿಕೋ.