ಅಪ್‌ಡೇಟ್: ಕೆನ್ಯಾದ ಹಳ್ಳಿಯಲ್ಲಿ ಸಸ್ಯಾಹಾರಿಯ ಊಟದ ವಿಚಾರ

ಕಿಸುಮು ಬಳಿಯ ಹಳ್ಳಿ ಶಾಲೆಗೆ ಸ್ವಯಂಸೇವಕಿಯಾಗಿ ಹೋಗುತ್ತಿದ್ದೇನೆ, ಮೀನು–ಮಾಂಸ ತಿನ್ನುವುದಿಲ್ಲ, ಆತಿಥೇಯರ ಮನಸ್ಸು ನೋಯದಂತೆ ಏನು ಮಾಡಲಿ ಎಂದು ಇಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ವಂದನೆಗಳು.

ಕೈಹಿಡಿದದ್ದು, “ಮೊದಲ ದಿನವೇ ಹೇಳಿಬಿಡಿ, ಅಡುಗೆಗೆ ಜೊತೆಗೂಡಿ” ಎಂಬ ಸಲಹೆ. ವಿಕ್ಟೋರಿಯಾ ಸರೋವರದ ದಂಡೆಯಲ್ಲಿ ಒಮೆನಾ ಎಂಬ ಪುಟ್ಟ ಮೀನು ನಿತ್ಯದ ಊಟ. ಆದರೂ ಮನೆಯ ಮಾಮಾ (ಅಲ್ಲಿ ಹಾಗೆಂದರೆ ತಾಯಿ, ಮನೆಯೊಡತಿ) ಒಂದಿಷ್ಟೂ ಬೇಸರಿಸಲಿಲ್ಲ. ಈರುಳ್ಳಿ, ಟೊಮೆಟೊ ಬಾಡಿಸಿ, ನೂಲಿನಂತೆ ಸಣ್ಣಗೆ ಹೆಚ್ಚಿದ ಸುಕುಮಾ ವಿಕಿ ಸೊಪ್ಪನ್ನು ಹಾಕುತ್ತಾರೆ. ಮೆಕ್ಕೆಜೋಳದ ಬಿಳಿ ಹಿಟ್ಟಿನ ಉಗಾಲಿಯನ್ನು ಮುರಿದು ಉಂಡೆ ಮಾಡಿ, ಹೆಬ್ಬೆರಳಿನಿಂದ ಗುಳಿ ಒತ್ತಿ, ಅದರಲ್ಲೇ ಸೊಪ್ಪನ್ನು ಎತ್ತಿಕೊಳ್ಳಬೇಕು. ಶಾಲೆಯಲ್ಲಿ ಮಧ್ಯಾಹ್ನ ಮೆಕ್ಕೆಜೋಳ, ಬೀನ್ಸ್ ಕಾಳು ಬೇಯಿಸಿದ ಗಿಥೇರಿ.

ಉಪ್ಪಿಟ್ಟಿನ ಪೊಟ್ಟಣಗಳನ್ನು ಒಯ್ಯುವ ಸಲಹೆ ಮಾತ್ರ ಒಗ್ಗಲಿಲ್ಲ. ಎಲ್ಲರೂ ಒಟ್ಟಿಗೆ ಕೂರುವ ಮನೆಯಲ್ಲಿ ಒಬ್ಬಳೇ ಬೇರೆ ಉಣ್ಣುವುದು ಸರಿಯೆನಿಸಲಿಲ್ಲ.

ನಾನು ಎಣಿಸಿಯೇ ಇರದ ಸಂಗತಿ ರಾಗಿ! ಬೆಳಗಿನ ಉಜಿ ಎಂದರೆ ಹುಳಿ ಬರಿಸಿದ ರಾಗಿ ಗಂಜಿ. ರಾಗಿಯ ತವರೇ ಪೂರ್ವ ಆಫ್ರಿಕಾದ ಎತ್ತರದ ನಾಡು. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದಲೇ ನಮ್ಮತ್ತ ಬಂದದ್ದು. ಅದೇ ಹಿಟ್ಟಿನಲ್ಲಿ ಮುದ್ದೆ ಕಟ್ಟಿ ಬಡಿಸಿದೆ. ಮಕ್ಕಳು ಮತ್ತೆ ಮತ್ತೆ ಕೇಳಿ ಉಂಡರು.

ಮುಂದೆ ಹೋಗುವವರಿಗೆ ಒಂದು ಮಾತು: ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಳ್ಳಿ. ಭಾರತಕ್ಕೆ ಮರಳುವಾಗ ಆ ಪ್ರಮಾಣಪತ್ರ ಕೈಯಲ್ಲಿರಲೇಬೇಕು.