ಬಿಗ್‌ಫುಟ್ ಇಷ್ಟು ವರ್ಷ ತಪ್ಪಿಸಿಕೊಂಡು ತಿರುಗೋದು ಹೇಗೆ?

ಮದ್ದೂರು ಹುಡುಗ:

ಸರಸ್ವತಿಪುರಂನಲ್ಲಿ ನಾವು ಹುಡುಗರು ಸೇರಿ ರೂಮ್ ಮಾಡಿಕೊಂಡಿದ್ದೇವೆ. ಈಗ ರಾತ್ರಿ ಊಟ ಆದರೆ ಸಾಕು, ಬಿಗ್‌ಫುಟ್ ಜಗಳ ಶುರು. ಅಮೆರಿಕದ ಕಾಡಲ್ಲಿ ಏಳೆಂಟು ಅಡಿ ಎತ್ತರದ, ಮೈತುಂಬ ಕೂದಲಿರುವ, ಎರಡು ಕಾಲಲ್ಲಿ ನಡೆಯುವ ವಾನರ ಇದೆ ಅಂತಾರಲ್ಲ, ಅದು. 1967ರಲ್ಲಿ ಕ್ಯಾಲಿಫೋರ್ನಿಯಾದ ಬ್ಲಫ್ ಕ್ರೀಕ್ ಹತ್ತಿರ ಪ್ಯಾಟರ್ಸನ್, ಗಿಮ್ಲಿನ್ ಅನ್ನೋ ಇಬ್ಬರು ತೆಗೆದ ಒಂದು ನಿಮಿಷದ ಫಿಲಂ ಬಿಟ್ಟರೆ ನೆಟ್ಟಗಿರೋ ವಿಡಿಯೊ ಒಂದೂ ಇಲ್ಲ. ಈಗ ಎಲ್ಲರ ಜೇಬಲ್ಲೂ ಕ್ಯಾಮೆರಾ ಇದೆ. ಅಷ್ಟು ದೊಡ್ಡ ಪ್ರಾಣಿ ಹೇಗೆ ತಪ್ಪಿಸಿಕೊಳ್ಳುತ್ತದೆ?

ನನ್ನ ರೂಮ್‌ಮೇಟ್ ವಾದ: ರಾತ್ರಿ ಮಾತ್ರ ಓಡಾಡುತ್ತವೆ, ಸಂಖ್ಯೆ ಕಡಿಮೆ, ಒಂದು ಸತ್ತರೆ ಉಳಿದವು ಹೂಳುತ್ತವೆ. ಕಾಡಿನ ವಿಷಯ ಗೊತ್ತಿರುವವರು ಹೇಳಿ. ಸುಮ್ನೆ "ಎಲ್ಲಾ ಬುರುಡೆ" ಅನ್ನಬೇಡಿ, ಅಷ್ಟನ್ನೇ ಹೇಳಿ ನಾನು ದಿನಾ ಸೋಲುತ್ತಿದ್ದೇನೆ.

ಕಬ್ಬಿನ ಗದ್ದೆ:

ನಿಮ್ಮ ರೂಮ್‌ಮೇಟ್‌ಗೆ ನನ್ನದೊಂದು ಓಟು. ನಮ್ಮ ಪಾಂಡವಪುರ ಕಡೆ ಕಬ್ಬಿನ ಗದ್ದೆಯಲ್ಲಿ ಚಿರತೆ ಮರಿ ಹಾಕಿದ್ದರೂ ಕಟಾವಿನ ತನಕ ಯಾರಿಗೂ ಗೊತ್ತಾಗಲ್ಲ. ಕಬ್ಬು ಕಡಿಯುವವರ ಕಾಲಡಿ ಮರಿ ಕಂಡಾಗಲೇ ಎಲ್ಲರೂ ಓಡೋದು. ಎಕರೆ ಗದ್ದೆಯಲ್ಲೇ ಚಿರತೆ ಕಾಣಲ್ಲ, ಆ ಕಾಡಲ್ಲಿ ಒಂದು ವಾನರ ಕಾಣಲಿಲ್ಲ ಅಂದರೆ ಏನು ಮಹಾ?

ಕಾಕನಕೋಟೆ ಹಳಬ:

ಗದ್ದೆಯವರೇ, ಒಳ್ಳೇ ಮಾತು ಎತ್ತಿದಿರಿ, ಅರ್ಧಕ್ಕೆ ಬಿಟ್ಟಿರಿ. ಆ ಚಿರತೆ ಕಣ್ಣಿಗೆ ಬೀಳದೇ ಇರಬಹುದು. ಆದರೆ ಊರಲ್ಲಿ ನಾಯಿ ಒಂದೊಂದೇ ಕಡಿಮೆ ಆಗುತ್ತವೆ. ಕೊಟ್ಟಿಗೆಯಿಂದ ಮೇಕೆ ಹೋಗುತ್ತದೆ. ಬೆಳಿಗ್ಗೆ ನೀರು ಕಟ್ಟೋಕೆ ಹೋದವರಿಗೆ ನಾಲೆ ಏರಿ ಮೇಲೆ ಹೆಜ್ಜೆ ಕಾಣುತ್ತದೆ. ಚಿರತೆ ಇದೆ ಅಂತ ಊರಿಗೆಲ್ಲ ಗೊತ್ತಿರುತ್ತದೆ, ಯಾವ ಗದ್ದೆ ಅನ್ನೋದಷ್ಟೇ ಗೊತ್ತಿರಲ್ಲ.

ನಾನು ಎಚ್.ಡಿ. ಕೋಟೆ ಕಡೆಯವನು. ಹುಲಿ ಎಣಿಕೆಗೆ ಕ್ಯಾಮೆರಾ ಕಟ್ಟುವ ತಂಡಕ್ಕೆ ಕೂಲಿಗೆ ಅಂತ ಹೋಗಿ ಅಲ್ಲೇ ಉಳಿದವನು. ದಾರಿಯ ಎರಡೂ ಬದಿ ಮರಕ್ಕೆ ಮೊಣಕಾಲು ಎತ್ತರದಲ್ಲಿ ಎದುರುಬದುರು ಕ್ಯಾಮೆರಾ ಕಟ್ಟುತ್ತೇವೆ. ಹುಲಿಯ ಎಡಮೈ ಪಟ್ಟೆ ಬಲಮೈಗೆ ಹೊಂದಲ್ಲ, ಅದಕ್ಕೇ ಎರಡು. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಶುರು ಮಾಡಿದ ಕ್ರಮ. ಕಾರ್ಡ್ ತೆಗೆದು ಕಂಪ್ಯೂಟರಿಗೆ ಹಾಕಿದರೆ ಹುಲಿ ಬರೋದು ಎಷ್ಟೋ ಹೊತ್ತಿಗೆ. ಮೊದಲು ಗಾಳಿಗೆ ಅಲ್ಲಾಡಿದ ಲಂಟಾನ. ಆಮೇಲೆ ಜಿಂಕೆ, ಕಾಡುಹಂದಿ, ಮುಳ್ಳುಹಂದಿ, ಸೌದೆಗೆ ಬಂದವರ ಕಾಲು, ಕ್ಯಾಮೆರಾ ಮೂಸುವ ಆನೆ ಸೊಂಡಿಲು. ಅದಾದ ಮೇಲೆ ಫೋಟೊ ಇಲ್ಲ, ಯಾಕಂದ್ರೆ ಕ್ಯಾಮೆರಾ ಪುಡಿಪುಡಿ. ಹುಲಿಗೆ ಅಂತ ಇಟ್ಟರೂ ಆ ದಾರಿಯಲ್ಲಿ ಓಡಾಡುವ ಎಲ್ಲವೂ ಸಿಗುತ್ತವೆ. ಅಮೆರಿಕದ ಕಾಡಲ್ಲೂ ಸಂಶೋಧಕರು, ಬೇಟೆಗಾರರು ಕಟ್ಟಿದ ಕ್ಯಾಮೆರಾಗಳು ಲೆಕ್ಕವಿಲ್ಲದಷ್ಟಿವೆ. ವುಲ್ವರಿನ್‌ನಂಥ ಅಪರೂಪದ ಪ್ರಾಣಿಯೂ ಅವುಗಳಿಗೆ ಸಿಕ್ಕಿದೆ.

ಫೋಟೊ ಬಿಡಿ, ಹೊಟ್ಟೆ ವಿಷಯಕ್ಕೆ ಬನ್ನಿ. ಮೈಸೂರು ಝೂನಲ್ಲಿ ಥಾಬೊ, ಡೆಂಬಾ ಅಂತ ಎರಡು ಗೊರಿಲ್ಲ ಇವೆ, 2021ರಲ್ಲಿ ಜರ್ಮನಿಯಿಂದ ಬಂದವು. ಸ್ವಲ್ಪ ಹೊತ್ತು ನಿಂತು ನೋಡಿ, ತಿನ್ನೋದೇ ಅವುಗಳ ಮುಖ್ಯ ಉದ್ಯೋಗ. ದೊಡ್ಡ ಗಂಡು ಗೊರಿಲ್ಲಕ್ಕೆ ದಿನಕ್ಕೆ 15-20 ಕೆಜಿ ಸೊಪ್ಪು, ಹಣ್ಣು, ಕಾಂಡ ಬೇಕು. ಅದು ಬದುಕೋದು ವರ್ಷವಿಡೀ ಹಸಿರಿರುವ ಆಫ್ರಿಕದ ಕಾಡಲ್ಲಿ. ಬಿಗ್‌ಫುಟ್ ಇದೆ ಅನ್ನುವ ಎಷ್ಟೋ ಬೆಟ್ಟಗಳಲ್ಲಿ ಚಳಿಗಾಲಕ್ಕೆ ಹಿಮ. ಅಲ್ಲಿನ ಕರಡಿ ಆಗ ಬಿಲ ಸೇರಿ ಮಲಗಿಬಿಡುತ್ತದೆ. ಇದು ಏನು ತಿನ್ನುತ್ತದೆ? ತಿಂದದ್ದನ್ನು ಎಲ್ಲಿ ಹಾಕುತ್ತದೆ? ನಮ್ಮ ಕರಡಿಯೂ ಸುಲಭಕ್ಕೆ ಕಾಣಲ್ಲ, ಆದರೆ ಅದರ ಹಿಕ್ಕೆ ದಾರಿ ಮಧ್ಯೆಯೇ ಬಿದ್ದಿರುತ್ತದೆ. ಕೋಲಲ್ಲಿ ಕೆದಕಿದರೆ ಕಕ್ಕೆ ಬೀಜ, ನೇರಳೆ ಬೀಜ, ಗೆದ್ದಲಿನ ತಲೆ, ಮಣ್ಣು ಎಲ್ಲ ಸಿಗುತ್ತವೆ. ಅದೂ ಅಲ್ಲದೆ ಒಂದೇ ಬಿಗ್‌ಫುಟ್ ಇದ್ದರೆ ಆಗಲಿಲ್ಲ. ವಂಶ ಉಳಿಯಬೇಕಾದರೆ ನೂರಾರು ಬೇಕು. ನೂರಾರು ಹೊಟ್ಟೆ ಅಂದರೆ ಯಾರದೋ ತೋಟ ಹಾಳಾಗಿರಬೇಕು, ಯಾರೋ ಪರಿಹಾರಕ್ಕೆ ಅರ್ಜಿ ಹಾಕಿರಬೇಕು.

ಮೂಳೆ ಸಿಗಲ್ಲ ಅನ್ನೋದು ಮಾತ್ರ ಅಷ್ಟು ದೊಡ್ಡ ವಾದ ಅಲ್ಲ. ಕಾಡಲ್ಲಿ ಹೆಣ ಬೇಗ ಕರಗುತ್ತದೆ, ಮೂಳೆಯನ್ನು ಮುಳ್ಳುಹಂದಿ ಕಡಿಯುತ್ತದೆ. ಆದರೆ ಅಮೆರಿಕದ ರಸ್ತೆಗಳಲ್ಲಿ ಕರಡಿ ಕಾರಿಗೆ ಸಿಕ್ಕಿ ಸಾಯೋದು ಮಾಮೂಲಿ. ಒಂದು ಬಿಗ್‌ಫುಟ್‌ಗೂ ರಸ್ತೆ ದಾಟುವಾಗ ಲೆಕ್ಕ ತಪ್ಪಲಿಲ್ವಾ?

ನಿಜವಾಗಿ ಅಡಗಿದ್ದ ಪ್ರಾಣಿ ಬೇಕಾ? ವಿಯೆಟ್ನಾಂ-ಲಾವೋಸ್ ಗಡಿಯ ಬೆಟ್ಟಗಳ ಸಾವೊಲಾ. ನೋಡಲು ಜಿಂಕೆ ಥರ, ದನದ ಕುಟುಂಬದ್ದು, ಉದ್ದನೆಯ ಎರಡು ಕೊಂಬು. 1992ರವರೆಗೆ ವಿಜ್ಞಾನಿಗಳಿಗೆ ಗೊತ್ತೇ ಇರಲಿಲ್ಲ. ಗೊತ್ತಾದದ್ದು ಬೇಟೆಗಾರರ ಮನೆಯಲ್ಲಿ ನೇತು ಹಾಕಿದ್ದ ಕೊಂಬು ನೋಡಿ. ಕಾಡಿನ ಕ್ಯಾಮೆರಾಗೆ ಕೊನೆಯದಾಗಿ ಸಿಕ್ಕಿದ್ದು 2013ರಲ್ಲಿ. ಇನ್ನೂ ಹತ್ತಿರದ್ದು ಅರುಣಾಚಲದ ಕೋತಿ. ನಮ್ಮ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಸೇರಿ 2005ರಲ್ಲಿ ಅದನ್ನು ಹೊಸ ಜಾತಿ ಅಂತ ಪ್ರಕಟಿಸಿದರು. ವಿಜ್ಞಾನಕ್ಕೆ ಹೊಸದು, ಅಲ್ಲಿನ ರೈತರಿಗೆ ಅಲ್ಲ. ಅವರ ಬೆಳೆ ತಿನ್ನುತ್ತಿದ್ದದ್ದೇ ಅದು.

ಜೀವಶಾಸ್ತ್ರ ಮೇಡಂ:

ಹಳಬರು ಕೂದಲಿನ ವಿಷಯ ಬಿಟ್ಟರು, ನಾನು ಸೇರಿಸುತ್ತೇನೆ. 2014ರಲ್ಲಿ ಆಕ್ಸ್‌ಫರ್ಡ್‌ನ ಬ್ರಯಾನ್ ಸೈಕ್ಸ್ ತಂಡ ಬಿಗ್‌ಫುಟ್, ಯೇತಿಯದ್ದು (ಹಿಮಾಲಯದಲ್ಲಿದೆ ಅನ್ನುವ ಇಂಥದ್ದೇ ಪ್ರಾಣಿ) ಅಂತ ಜನ ಕಳಿಸಿದ್ದ 30 ಕೂದಲ ಮಾದರಿಗಳ ಡಿಎನ್‌ಎ ಓದಿತು. ಕರಡಿ, ಕುದುರೆ, ಹಸು, ನಾಯಿ, ರಕೂನ್, ಒಂದು ಮನುಷ್ಯನದ್ದೇ! 2017ರಲ್ಲಿ ಷಾರ್ಲೆಟ್ ಲಿಂಡ್‌ಕ್ವಿಸ್ಟ್ ತಂಡ ಯೇತಿಯದ್ದು ಅಂದಿದ್ದ 9 ಮಾದರಿ ನೋಡಿದಾಗ 8 ಕರಡಿ, 1 ನಾಯಿ. ಎಫ್‌ಬಿಐ ಕೂಡ 1970ರ ದಶಕದಲ್ಲಿ ಇಂಥ ಕೂದಲು ಪರೀಕ್ಷಿಸಿ ಜಿಂಕೆಯದ್ದು ಅಂತ ಹೇಳಿತ್ತು. ಆ ಕಡತ 2019ರಲ್ಲಿ ಹೊರಬಂತು.

ಮದ್ದೂರು ಹುಡುಗ:

ತುಂಬಾ ಥ್ಯಾಂಕ್ಸ್ ಹಳಬರೇ, ಮೇಡಂ. ರೂಮ್‌ಮೇಟ್‌ಗೆ ಓದಿ ಹೇಳಿದೆ. ಈಗ ಎರಡು ಪ್ರಶ್ನೆ ಎಸೆದಿದ್ದಾನೆ. ಸಾವಿರಾರು ಜನ ನೋಡಿದ್ದೆಲ್ಲ ಸುಳ್ಳಾ? ಮತ್ತೆ ಜೈಗ್ಯಾಂಟೊಪಿಥೆಕಸ್ ಅಂತ ದೈತ್ಯ ವಾನರ ನಿಜವಾಗಿ ಇತ್ತಲ್ಲ, ಅದೇ ಉಳಿದಿರಬಾರದೇಕೆ?

ಜೀವಶಾಸ್ತ್ರ ಮೇಡಂ:

ಇತ್ತು, ನಿಜ. 1935ರಲ್ಲಿ ಹಾಂಗ್‌ಕಾಂಗ್‌ನ ಔಷಧಿ ಅಂಗಡಿಯಲ್ಲಿ ಅದರ ಹಲ್ಲು ಮೊದಲು ಸಿಕ್ಕಿತು. ಈಗ ಸುಮಾರು 2000 ಹಲ್ಲು, 4 ದವಡೆ ಇವೆ. ಎಲ್ಲ ಏಷ್ಯಾದವು, ಅಮೆರಿಕದಲ್ಲಿ ಒಂದೂ ಇಲ್ಲ. ಚೀನಾದಲ್ಲಿ ಅದು ಅಳಿದು 2 ಲಕ್ಷ ವರ್ಷಕ್ಕೂ ಹೆಚ್ಚಾಯಿತು.

ಕಾಕನಕೋಟೆ ಹಳಬ:

ನೋಡಿದವರೆಲ್ಲ ಸುಳ್ಳು ಹೇಳುತ್ತಾರೆ ಅಂತ ನಾನು ಅನ್ನಲ್ಲ. ನಮ್ಮ ವಾಚರ್ ಒಬ್ಬರು ಮುಸ್ಸಂಜೆಯಲ್ಲಿ ಹುತ್ತದ ಪಕ್ಕ ಯಾರೋ ಕಂಬಳಿ ಹೊದ್ದು ನಿಂತಿದ್ದಾರೆ ಅಂತ "ಯಾರಪ್ಪಾ ಅದು?" ಅಂತ ಕೂಗಿದರು. ಆ ಕಂಬಳಿ ತಿರುಗಿ ನೋಡಿ, ನಾಲ್ಕು ಕಾಲಿಗೆ ಇಳಿದು ಪೊದೆ ಸೇರಿತು. ಕಾಡಲ್ಲೇ ಬೆಳೆದವರು ಅವರು. ಕರಡಿಯ ಹಿಂಗಾಲ ಹೆಜ್ಜೆ ನೋಡಿ, ಮನುಷ್ಯನ ಪಾದದ ಥರವೇ. ನಡೆಯುವಾಗ ಮುಂಗಾಲ ಗುರುತಿನ ಮೇಲೆ ಹಿಂಗಾಲು ಬಿದ್ದರೆ ಉದ್ದನೆಯ ಒಂದೇ ಪಾದ. ಹಿಮದಲ್ಲಿ ಬಿಸಿಲಿಗೆ ಅಂಚು ಕರಗಿ ಇನ್ನೂ ದೊಡ್ಡದಾಗುತ್ತದೆ. 2009ರಲ್ಲಿ ಸಂಶೋಧಕರು ಪಶ್ಚಿಮ ಅಮೆರಿಕದಲ್ಲಿ ಬಿಗ್‌ಫುಟ್ ಕಂಡ ಜಾಗಗಳಿಂದ ಒಂದು ನಕ್ಷೆ ಮಾಡಿದರು. ಕಪ್ಪು ಕರಡಿಯ ನಕ್ಷೆಗೂ ಅದಕ್ಕೂ ಹೆಚ್ಚು ವ್ಯತ್ಯಾಸ ಬರಲಿಲ್ಲ.

ಬೇಕಂತಲೇ ಮಾಡಿದ್ದೂ ಇದೆ. 1958ರಲ್ಲಿ ಇದೇ ಬ್ಲಫ್ ಕ್ರೀಕ್‌ನ ರಸ್ತೆ ಕೆಲಸದ ಜಾಗದಲ್ಲಿ ದೊಡ್ಡ ಹೆಜ್ಜೆ ಕಂಡು ಪೇಪರಲ್ಲಿ ಬಂದಿತ್ತು. ಆ ಕೆಲಸದ ಗುತ್ತಿಗೆದಾರ ರೇ ವ್ಯಾಲೇಸ್ 2002ರಲ್ಲಿ ತೀರಿಕೊಂಡ ಮೇಲೆ ಮನೆಯವರೇ ಮರದ ಪಾದಗಳನ್ನು ತೋರಿಸಿ, ಅದು ಅವರದ್ದೇ ಕಿತಾಪತಿ ಅಂದರು.

ಕಬ್ಬಿನ ಗದ್ದೆ:

ಓಟು ವಾಪಸ್ ತಗೊಳ್ಳೋ ಹಾಗಿದೆ. ಆ ಫಿಲಂ ಬಗ್ಗೆ ಏನಂತೀರಿ ಹಳಬರೇ?

ಕಾಕನಕೋಟೆ ಹಳಬ:

ಪ್ಯಾಟರ್ಸನ್ ಅಲ್ಲಿಗೆ ಹೋದದ್ದೇ ಬಿಗ್‌ಫುಟ್ ಚಿತ್ರ ತೆಗೆಯೋಕೆ, ಬಾಡಿಗೆ ಕ್ಯಾಮೆರಾ ಹಿಡಿದು. ಹುಡುಕಿದ್ದು ಕ್ಯಾಮೆರಾ ಮುಂದೆಯೇ ನಡೆದುಕೊಂಡು ಹೋಯಿತು. ನಮಗಂತೂ ಇಂಥ ಅದೃಷ್ಟ ಬಂದಿಲ್ಲ. ಬಾಬ್ ಹೆರೋನಿಮಸ್ ಅನ್ನೋರು ವೇಷದೊಳಗೆ ಇದ್ದದ್ದು ನಾನೇ ಅಂತ ಆಮೇಲೆ ಹೇಳಿದರು, ಗಿಮ್ಲಿನ್ ಒಪ್ಪಲಿಲ್ಲ. ನನಗೆ ಕೇಳಿದರೆ ವೇಷವೇ.

ತಮ್ಮಾ, ರೂಮ್‌ಮೇಟ್‌ನ ಒಂದು ದಿನ ಝೂಗೆ ಕರ್ಕೊಂಡು ಹೋಗಿ ಗೊರಿಲ್ಲ ತಿನ್ನೋದನ್ನ ತೋರಿಸು. ಮಂಗಳವಾರ ಹೋಗಬೇಡ, ರಜೆ.