ಕಾಫಿ ಕೊಯ್ಲು ಮುಗಿದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಉಳಿಯುವ ಹುಡುಗರು: ಎಲ್ಲಿಂದ ಶುರು ಮಾಡುವುದು?

ಗೋಣಿಕೊಪ್ಪದವ: ಕಾಫಿ, ಕರಿಮೆಣಸು ಕೊಯ್ಲು ಮುಗಿಯುತ್ತಿದ್ದಂತೆ ತೋಟದ ಲೈನ್ ಮನೆ (ಕೂಲಿಯವರ ಸಾಲುಮನೆ) ಖಾಲಿ ಮಾಡಿಸಿದ ಹುಡುಗರು ಕೊಡಗಿನ ಗೋಣಿಕೊಪ್ಪ, ಸಿದ್ದಾಪುರದಲ್ಲಿ ಅಂಗಡಿ ಜಗುಲಿ ಮೇಲೆ ಮಲಗುತ್ತಾರೆ. ಇಲ್ಲಿನ ಹಾಡಿಯ (ಆದಿವಾಸಿ ಕೇರಿಯ) ಹುಡುಗರೂ ಇದ್ದಾರೆ, ಅಸ್ಸಾಮಿನವರೂ ಇದ್ದಾರೆ. ಕೆಲವರಿಗೆ 15–17, ಕೆಲವರಿಗೆ 20 ಇರಬಹುದು. ಮಳೆ ಹಿಡಿಯುವ ಮುಂಚೆ ನಾವು ನಾಲ್ಕೈದು ಮಂದಿ ಸಂಜೆ ಹೋಗಿ ಮಾತಾಡಿಸಬೇಕು ಅಂತಿದ್ದೇವೆ. ಊಟ, ಕಂಬಳಿ ಕೊಡಬಹುದು. ಮುಂದೇನು? ಒಂದೆರಡು ದಿನ ಮನೆಯಲ್ಲಿ ಇಟ್ಟುಕೊಳ್ಳಬಹುದೇ?

ಕಾನೂನು ಕಟ್ಟೆ: ಮನೆಯಲ್ಲಿ ಇಟ್ಟುಕೊಳ್ಳಲೇಬೇಡಿ. 18 ತುಂಬದ, ನೋಡಿಕೊಳ್ಳುವವರಿಲ್ಲದ ಮಗು ಸಿಕ್ಕರೆ 24 ಗಂಟೆಯೊಳಗೆ ತಿಳಿಸಬೇಕು ಅನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆ, ಪ್ರಯಾಣದ ಸಮಯ ಬಿಟ್ಟು. ತಿಳಿಸದಿದ್ದರೆ ಆರು ತಿಂಗಳ ಜೈಲು ಅಥವಾ 10,000 ರೂ. ದಂಡ, ಇಲ್ಲವೇ ಎರಡೂ ಆಗಬಹುದು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಇಲ್ಲವೇ ಪೊಲೀಸರಿಗೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೇಳಿ. ಕರೆ ಮಾಡಿದ ದಿನಾಂಕ, ಗಂಟೆ ಬರೆದಿಡಿ. ಮಗುವನ್ನು ಎಲ್ಲಿ ಇಡಬೇಕು ಅಂತ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಸಭೆ ಇಲ್ಲದ ದಿನವೂ ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಬಹುದು. "ಸೋಮವಾರ ಬನ್ನಿ" ಅಂದರೆ ಒಪ್ಪಬೇಡಿ.

ನನ್ನ ಮಟ್ಟಿಗೆ ಮೊದಲು ಹುಡುಕಬೇಕಾದವರು 17 ದಾಟಿದವರು. 18 ತುಂಬಿ ಮಕ್ಕಳ ಪಾಲನಾ ಸಂಸ್ಥೆಯಿಂದ ಹೊರಬಂದವರಿಗೆ ಮಾತ್ರ ಅನುಪಾಲನೆ (ಹೊರಬಂದ ಮೇಲಿನ ನೆರವು) ಸಿಗುತ್ತದೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅದು ತಿಂಗಳಿಗೆ 4,000 ರೂ., ಸಾಮಾನ್ಯವಾಗಿ 21ರವರೆಗೆ. ಜಗುಲಿ ಮೇಲೇ 18 ತುಂಬಿದವನಿಗೆ ಆ ಬಾಗಿಲು ಮುಚ್ಚಿತು. ಎಲ್ಲರೂ ಚಿಕ್ಕವರ ಹಿಂದೆ ಹೋಗುತ್ತಾರೆ, ಹದಿನೇಳೂವರೆಯವನು ಲೆಕ್ಕಕ್ಕೇ ಬರುವುದಿಲ್ಲ.

ವಯಸ್ಸಿನ ತಕರಾರು ಬಂದರೆ ಶಾಲೆಯ ದಾಖಲೆ ಮೊದಲು, ಅದಿಲ್ಲದಿದ್ದರೆ ಜನನ ಪ್ರಮಾಣಪತ್ರ. ಮೂಳೆ ಪರೀಕ್ಷೆ ಕೊನೆಯದು. ಓದಿದ ಶಾಲೆ ಯಾವುದು ಅಂತ ಮೊದಲ ಮಾತಿನಲ್ಲೇ ಕೇಳಿಟ್ಟುಕೊಳ್ಳಿ.

ಸಿದ್ದಾಪುರ ಸಂಜೆ: ಹೋಗುವಾಗ ಇಬ್ಬರೇ ಹೋಗಿ, ಅದೇ ಇಬ್ಬರು, ಪ್ರತಿ ವಾರ ಅದೇ ದಿನ, ಅದೇ ಹೊತ್ತು. ಐದು ಜನ ಸುತ್ತುವರಿದರೆ ಪೊಲೀಸರು ಅಂದುಕೊಂಡು ಓಡುತ್ತಾರೆ. ಅಸ್ಸಾಮಿನ ಹುಡುಗರ ಜೊತೆ ಹಿಂದಿ ಒಂದು ಮಟ್ಟಕ್ಕೆ ನಡೆಯುತ್ತದೆ. ಆದರೆ ದುಭಾಷಿಯಾಗಿ ಅವರನ್ನು ಕೆಲಸಕ್ಕೆ ಕರೆತಂದ ಮೇಸ್ತ್ರಿಯನ್ನು ಕರೆಯಬೇಡಿ, ಬಾಕಿ ಕೂಲಿಯ ಮಾತು ಅಲ್ಲಿಗೇ ನಿಲ್ಲುತ್ತದೆ.

"ಒಂದು ರಾತ್ರಿ ಅಷ್ಟೇ" ಅಂತ ಸುಳ್ಳು ಹೇಳಿ ಕಳಿಸಿದರೆ ಹುಡುಗ ಬಾಲಮಂದಿರದಿಂದ ತಪ್ಪಿಸಿಕೊಳ್ಳುತ್ತಾನೆ, ಮತ್ತೆ ಯಾರನ್ನೂ ನಂಬುವುದಿಲ್ಲ. ಊರಿನ ಮನೆಯ ವಿಚಾರಣಾ ವರದಿ ಬೇರೆ ರಾಜ್ಯದಿಂದ ಬರಬೇಕು, ವಾರಗಳೇ ಹಿಡಿಯಬಹುದು ಅಂತ ಮುಂಚೆಯೇ ಹೇಳಿಬಿಡಿ.

ಕಂಬಳಿಗಿಂತ ಮುಖ್ಯ ಟಾರ್ಪಾಲು, ಒಣ ಬಟ್ಟೆ. ಕೊಡಗಿನ ಮಳೆಯಲ್ಲಿ ನೆನೆದ ಕಂಬಳಿ ಒಣಗುವುದೇ ಇಲ್ಲ. ಬೆರಳ ಸಂದಿಯಲ್ಲಿ ಕಜ್ಜಿ ಕಂಡರೆ ಆಸ್ಪತ್ರೆಗೆ ಕರೆದೊಯ್ಯಿರಿ. ಶೇ. 5ರ ಪರ್ಮೆಥ್ರಿನ್ ಮುಲಾಮು ಬರೆದುಕೊಟ್ಟರೆ ಕುತ್ತಿಗೆಯಿಂದ ಕೆಳಗೆ ಪೂರ್ತಿ ಹಚ್ಚಿ, 8–14 ಗಂಟೆ ಬಿಟ್ಟು ತೊಳೆಯಬೇಕು, ವಾರ ಬಿಟ್ಟು ಇನ್ನೊಮ್ಮೆ. ಒಟ್ಟಿಗೆ ಮಲಗುವವರೆಲ್ಲ ಒಂದೇ ದಿನ ಹಚ್ಚದಿದ್ದರೆ ಮತ್ತೆ ಬರುತ್ತದೆ. ಔಷಧ ಕೆಲಸ ಮಾಡಲಿಲ್ಲ ಅನ್ನುವ ದೂರಿಗೆ ಬಹುಪಾಲು ಇದೇ ಕಾರಣ.

ಗೋಣಿಕೊಪ್ಪದವ: 18 ದಾಟಿದವರಿಗೆ? ಒಬ್ಬನ ಆಧಾರ್ ಮೇಸ್ತ್ರಿ ಹತ್ತಿರ ಇದೆಯಂತೆ.

ಕಾನೂನು ಕಟ್ಟೆ: ಅವರಿಗೆ ದಾರಿ ಕಿರಿದು. ಹೆಣ್ಣುಮಕ್ಕಳಾದರೆ ಮಹಿಳಾ ಸಹಾಯವಾಣಿ 181, ಸಂಕಷ್ಟದಲ್ಲಿರುವ ಮಹಿಳೆಯರಿಗಾಗಿ ಇರುವ ಸಖಿ ಕೇಂದ್ರದಲ್ಲಿ ತಾತ್ಕಾಲಿಕ ಆಸರೆ. ಹುಡುಗರಿಗೆ ಕೆಲಸದ ಜೊತೆ ವಸತಿ ಹುಡುಕುವುದೇ ವಾಸಿ. ಬಾಕಿ ಕೂಲಿಗೆ ಕಾರ್ಮಿಕ ನಿರೀಕ್ಷಕರಿಗೆ ಲಿಖಿತ ದೂರು ಕೊಡಿ, ತೋಟದ ಹೆಸರು, ಕೆಲಸ ಮಾಡಿದ ದಿನಗಳು, ಒಪ್ಪಿದ ಕೂಲಿ ಬರೆದು. ಆಧಾರ್ ಕಾರ್ಡಿಗಾಗಿ ಮೇಸ್ತ್ರಿ ಜೊತೆ ಜಗಳ ಬೇಡ, ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಪ್ರತಿ ಪಡೆಯಬಹುದು. 15 ತುಂಬಿದ ಮೇಲೆ ಬಯೋಮೆಟ್ರಿಕ್ ನವೀಕರಿಸದಿದ್ದರೆ ಬೆರಳಚ್ಚು ತಾಳೆಯಾಗದೆ ಹೋಗಬಹುದು, ಆಗ ಮೊದಲು ಅದನ್ನು ಮಾಡಿಸಿ.

ಸಿದ್ದಾಪುರ ಸಂಜೆ: ಇನ್ನೊಂದು. ಊಟ ಹಂಚುವ ಫೋಟೊ ವಾಟ್ಸ್ಆಪ್‌ಗೆ ಹಾಕಬೇಡಿ. 18ರೊಳಗಿನವರ ಗುರುತು ಮಾಧ್ಯಮದಲ್ಲಿ ಬಯಲು ಮಾಡಿದರೆ ಅದೇ ಕಾಯ್ದೆಯಡಿ ಎರಡು ಲಕ್ಷದವರೆಗೆ ದಂಡ. ದಾನಿಗಳು ಫೋಟೊ ಕೇಳಿದರೆ ಟಾರ್ಪಾಲಿನ ಬಿಲ್ಲು ಕಳಿಸಿ.